ಗಟ್ಟಿತನ ಇರೋದು ಎಲ್ಲಿ? ಗ್ಯಾರೇಜಿನಲ್ಲಿ ಮಾಡಿದ ಜೆಟ್ ಸ್ಕೀ ಮುಚ್ಚಳದ ಕಥೆ

ಸಾಮಾನ್ಯವಾಗಿ ಇಲ್ಲಿ ಲ್ಯಾಬ್ ಒಳಗಿನ ವಿಜ್ಞಾನ ಮಾತಾಡ್ತೀವಿ. ಈ ಸಂಚಿಕೆಯಲ್ಲಿ ನಮ್ಮ ಮನೆ ಗ್ಯಾರೇಜಿನ ವಿಜ್ಞಾನ. ಜತೆಗೆ ನಾನು ಮಾಡಿದ ಒಂದು ದೊಡ್ಡ ತಪ್ಪು.

ನಾವಿರೋದು ಅಮೆರಿಕದ ಮಿಶಿಗನ್‌ನಲ್ಲಿ. ಬೇಸಿಗೆ ಬಂತು ಅಂದ್ರೆ ಇಲ್ಲಿನ ಕೆರೆಗಳ ಮೇಲೆಲ್ಲ ಜೆಟ್ ಸ್ಕೀ ಸದ್ದು. ನೀರಿನ ಮೇಲೆ ಓಡೋ ಬೈಕು ಅಂದ್ಕೊಳ್ಳಿ. ಇದು ಕ್ಲೇಟನ್ ಜೇಕಬ್‌ಸನ್ ಅನ್ನೋ ಅಮೆರಿಕನ್ನರ ಕಲ್ಪನೆ. 1973ರಲ್ಲಿ ಕವಾಸಾಕಿ ಕಂಪನಿ ನಿಂತು ಓಡಿಸೋ ಮಾದರಿಯನ್ನ ಮಾರುಕಟ್ಟೆಗೆ ತಂತು. ‘ಜೆಟ್ ಸ್ಕೀ’ ಆ ಕಂಪನಿಯ ಬ್ರ್ಯಾಂಡ್ ಹೆಸರು. ಆದರೆ ವನಸ್ಪತಿಗೆಲ್ಲ ‘ಡಾಲ್ಡಾ’ ಅನ್ನೋ ಹಾಗೆ ಜನ ಈಗ ಎಲ್ಲದಕ್ಕೂ ಅದೇ ಹೆಸರು ಹೇಳ್ತಾರೆ.

ಮೂರು ವರ್ಷದ ಹಿಂದೆ ತೊಂಬತ್ತರ ದಶಕದ ಒಂದು ಹಳೇ ಜೆಟ್ ಸ್ಕೀ ಕೊಂಡೆ. ಇಂಜಿನ್ ಚೆನ್ನಾಗಿತ್ತು. ಇಂಜಿನ್ ಮೇಲಿನ ಮುಚ್ಚಳ ಮಾತ್ರ ಎರಡು ಹೋಳು. ಆ ಮಾಡೆಲ್‌ನ ಹೊಸ ಮುಚ್ಚಳ ಎಲ್ಲೂ ಸಿಗಲಿಲ್ಲ. ಕುಂದಾಪುರದ ಕಡೆಯ ಸ್ನೇಹಿತನ ಹತ್ರ ಗೋಳು ಹೇಳ್ಕೊಂಡರೆ ಅವನು ನಕ್ಕುಬಿಟ್ಟ. “ಮಾರಾಯ, ನಮ್ಮೂರಲ್ಲಿ ದೋಣಿಯನ್ನೇ ಫೈಬರ್‌ನಲ್ಲಿ ಮಾಡ್ತ್ರ್, ನಿಂಗೆ ಒಂದ್ ಮುಚ್ಚಳ ಮಾಡುಕ್ ಆತಿಲ್ಯಾ?” ಅಂದ. ಮಾತು ನಿಜ. ನಮ್ಮ ಕರಾವಳಿಯಲ್ಲಿ ಜನ ‘ಫೈಬರ್’ ಅನ್ನೋದೂ ಇದೇ ಫೈಬರ್‌ಗ್ಲಾಸ್: ಗಾಜಿನ ಎಳೆ ಮತ್ತು ರೆಸಿನ್, ಅಂದ್ರೆ ರಾಳ, ಎರಡೂ ಸೇರಿದ್ದು. ಹಳ್ಳಿಯಲ್ಲಿ ಗೋಡೆ ಕಟ್ಟೋ ಮಣ್ಣಿಗೆ ಹುಲ್ಲು ಸೇರಿಸಿ ತುಳೀತಾರಲ್ಲ, ಅದೇ ತತ್ವ.

ಕೆಲಸ ಶುರುವಾಗೋದು ಅಚ್ಚಿನಿಂದ. ಮುರಿದ ಮುಚ್ಚಳವನ್ನ ಜೋಡಿಸಿ, ಬಿರುಕಿಗೆ ಪುಟ್ಟಿ ತುಂಬಿ, ಉಪ್ಪುಕಾಗದದಿಂದ ಉಜ್ಜಿ ನುಣ್ಣಗೆ ಮಾಡಿದೆ. ಮೇಲೆ ನಾಲ್ಕೈದು ಸಲ ಮೇಣ ಹಚ್ಚಬೇಕು. ಹಲಸಿನಹಣ್ಣು ಬಿಡಿಸೋ ಮುಂಚೆ ಕೈಗೆ ಎಣ್ಣೆ ಸವರ್ಕೊಳ್ಳಲ್ವಾ, ಹಾಗೆ. ಇಲ್ಲಿ ಸೋಮಾರಿತನ ಮಾಡಿದರೆ ಅಚ್ಚೂ ಮುಚ್ಚಳವೂ ಒಂದನ್ನೊಂದು ಬಿಡೋದೇ ಇಲ್ಲ. ಅದರ ಮೇಲೆ ಗಾಜಿನ ಮ್ಯಾಟ್ ಮತ್ತು ರೆಸಿನ್ ಪದರ ಹಾಕಿ, ಗಟ್ಟಿಯಾದ ಮೇಲೆ ಬಿಡಿಸಿದರೆ ಅಚ್ಚು ಸಿದ್ಧ. ಆಮೇಲೆ ಅಚ್ಚಿನ ಒಳಗೆ ಮತ್ತೆ ಮೇಣ, ಮೊದಲು ಬಣ್ಣದ ಜೆಲ್‌ಕೋಟ್, ಅದರ ಮೇಲೆ ಮ್ಯಾಟ್ ಮತ್ತು ರೆಸಿನ್. ಹೊಸ ಮುಚ್ಚಳ ಹುಟ್ಟೋದು ಹೀಗೆ.

ನಾನು ತಪ್ಪಿದ್ದು ಇಲ್ಲೇ. ಮೂಲೆಗಳಲ್ಲಿ ಮ್ಯಾಟ್ ಕೂರಿಸೋದು ಕಷ್ಟ, ಚರ್ಮವೆಲ್ಲ ತುರಿಕೆ ಬೇರೆ. ಮೂರು ಪದರದ ಜಾಗದಲ್ಲಿ ಒಂದೇ ಪದರ ಹಾಕಿ, ಮೇಲೆ ಧಾರಾಳವಾಗಿ ರೆಸಿನ್ ಸುರಿದೆ. ಒಣಗಿದರೆ ಕಲ್ಲಿನಂತಾಗುತ್ತಲ್ಲ, ದಪ್ಪ ಇದ್ದಷ್ಟೂ ಗಟ್ಟಿ ಅಂತ ನನ್ನ ಲೆಕ್ಕ. ನೋಡೋಕೆ ಫಳಫಳ ಹೊಳೀತಿತ್ತು. ಜುಲೈನಲ್ಲಿ ಕೆರೆಗಿಳಿಸಿದೆ. ನಟ್ಟ ನಡುವೆ ಒಂದು ಅಲೆ ಬಡಿದಿದ್ದೇ ತಡ, ಲಾಚ್ ಹತ್ರ ಮುಚ್ಚಳ ಚಟ್ ಅಂತ ಸೀಳಿತು. ಇಂಜಿನ್ ಒಳಗೆ ನೀರು. ಲೈಫ್ ಜಾಕೆಟ್ ಇತ್ತು, ಮೀನು ಹಿಡಿಯೋಕೆ ಬಂದಿದ್ದವರೊಬ್ಬರು ದಡಕ್ಕೆ ಎಳ್ಕೊಂಡು ಬಂದರು. ಅವತ್ತು ದಡದಲ್ಲಿ ಕೂತು ಯೋಚಿಸಿದ್ದು ಒಂದೇ ಪ್ರಶ್ನೆ: ಗಟ್ಟಿತನ ಇರೋದು ಎಲ್ಲಿ?

ಉತ್ತರಕ್ಕೆ ನೂರು ವರ್ಷ ಹಿಂದೆ ಹೋಗಬೇಕು. ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಸಂಸ್ಥೆಯಲ್ಲಿ ಗ್ರಿಫಿತ್ ಅನ್ನೋ ಇಂಜಿನಿಯರ್ ಇದ್ದರು. ಅವರು ಗಾಜನ್ನ ಕರಗಿಸಿ ಎಳೆ ಎಳೆದು ಜಗ್ಗಿ ನೋಡಿದರು. ಎಳೆ ತೆಳುವಾದಷ್ಟೂ, ಅದರ ಗಾತ್ರಕ್ಕೆ ಹೋಲಿಸಿದರೆ, ಶಕ್ತಿ ಹೆಚ್ಚು! 1921ರಲ್ಲಿ ಪ್ರಕಟವಾದ ಅವರ ವಿವರಣೆ ಇದು: ಗಾಜು ಒಡೆಯೋದು ಅದರ ಮೇಲಿರೋ ಕಣ್ಣಿಗೆ ಕಾಣದ ಬಿರುಕುಗಳಿಂದ. ಚಿಪ್ಸ್ ಪ್ಯಾಕೆಟ್ ನೆನಪಿಸ್ಕೊಳ್ಳಿ. ಅಂಚಿನಲ್ಲಿ ಪುಟ್ಟ ಕಚ್ಚು ಇದ್ದರೆ ಸಲೀಸಾಗಿ ಹರಿಯುತ್ತೆ, ಇಲ್ಲದಿದ್ದರೆ ಹಲ್ಲೇ ಬೇಕು. ಜಗ್ಗೋ ಬಲವೆಲ್ಲ ಆ ಕಚ್ಚಿನ ತುದಿಯಲ್ಲಿ ಸೇರ್ಕೊಳ್ಳುತ್ತೆ. ತಲೆಗೂದಲಿಗಿಂತ ಎಷ್ಟೋ ತೆಳುವಾದ ಗಾಜಿನೆಳೆಯಲ್ಲಿ ದೊಡ್ಡ ಬಿರುಕಿಗೆ ಜಾಗವೇ ಇರಲ್ಲ.

ಹಾಗಾದರೆ ರೆಸಿನ್ ಕೆಲಸ ಏನು? ಎಳೆಗಳನ್ನ ಹಿಡಿದಿಡೋದು, ಒಂದು ಎಳೆ ತುಂಡಾದರೆ ಅದರ ಭಾರವನ್ನ ಪಕ್ಕದ ಎಳೆಗೆ ದಾಟಿಸೋದು. ಬರೀ ರೆಸಿನ್ ಬಿಸ್ಕತ್ತಿನ ಹಾಗೆ ಮುರಿಯುತ್ತೆ. ನಾನು ಮಾಡಿದ್ದು ಹುಲ್ಲೇ ಇಲ್ಲದ ಮಣ್ಣಿನ ಗೋಡೆ.

ಎರಡನೇ ಸಲ ತೂಕ ಮಾಡಿ ಕಲಸಿದೆ. ಚದರ ಮೀಟರಿಗೆ 450 ಗ್ರಾಂ ತೂಗೋ ಮ್ಯಾಟ್‌ಗೆ ಸುಮಾರು ಒಂದು ಕಿಲೋ ರೆಸಿನ್ ಸಾಕು. ಮೂರು ಪದರ, ಲಾಚ್ ಇರೋ ಕಡೆ ಇನ್ನೂ ಎರಡು. ಪ್ರತಿ ಪದರಕ್ಕೂ ರೋಲರ್ ಆಡಿಸಿ ಗಾಳಿಗುಳ್ಳೆ ಹೊರಗೆ ತಳ್ಳಿದೆ.

ಆಗಲೂ ಒಂದು ಪಾಠ ಕಾದಿತ್ತು. ರೆಸಿನ್ ಗಟ್ಟಿಯಾಗೋಕೆ ಎಂಇಕೆಪಿ ಅನ್ನೋ ಪೆರಾಕ್ಸೈಡ್ ಬೆರೆಸ್ತಾರೆ, 100 ಗ್ರಾಂಗೆ 1ರಿಂದ 2 ಗ್ರಾಂ. ಬೆರೆಸಿದ ಕೂಡಲೇ ಅಣುಗಳು ಸರಪಳಿಯಂತೆ ಕೈ ಹಿಡಿಯೋಕೆ ಶುರು, ಜತೆಗೆ ಶಾಖ. ಅರ್ಧ ಕಿಲೋ ಕಲಸಿದ ಮಗ್ ಅಲ್ಲೇ ಇಟ್ಟು ಫೋನ್ ಎತ್ತಿಕೊಂಡೆ. ವಾಪಸ್ ಬಂದರೆ ಮಗ್ ಹೊಗೆಯಾಡ್ತಾ ಕರಗ್ತಾ ಇದೆ! ಬಾಳೆಲೆ ಮೇಲೆ ಹರಡಿದ ಅನ್ನ ಬೇಗ ಆರುತ್ತೆ, ಪಾತ್ರೆಯಲ್ಲಿ ತುಂಬಿದ್ದು ಆರಲ್ಲ. ಇಲ್ಲೂ ಅಷ್ಟೇ: ಶಾಖ ಹೊರಹೋಗೋ ದಾರಿ ಇಲ್ಲದೆ ಕ್ರಿಯೆ ಇನ್ನೂ ಜೋರಾಯ್ತು. ಸ್ವಲ್ಪ ಸ್ವಲ್ಪ ಕಲಸಿ, ಅಗಲ ಬಾಯಿಯ ತಟ್ಟೆ ಬಳಸಿ.

ಎಂಇಕೆಪಿ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಯೇ ಹೋಗಬಹುದು. ಕಣ್ಣು ಪೂರ್ತಿ ಮುಚ್ಚೋ ಗಾಗಲ್ಸ್ ಬೇಕೇ ಬೇಕು. ಸಿಡಿದರೆ ಆ ಕ್ಷಣವೇ ನೀರಲ್ಲಿ ತೊಳೀತಾ ಇರಿ, ನಂತರ ಆಸ್ಪತ್ರೆ. ಇನ್ನೊಂದು ವಿಷಯ ವಾಸನೆ. “ಮನೆಯೆಲ್ಲ ನೈಲ್ ಪಾಲಿಶ್ ವಾಸನೆ, ಮಗು ಮಲಗಿದೆ ರೀ” ಅಂತ ಹೆಂಡತಿ ಗದರಿದ ಮೇಲೇ ನಾನು ಎಚ್ಚೆತ್ತಿದ್ದು. ಅದು ಸ್ಟೈರೀನ್ ಆವಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2018ರಲ್ಲಿ ಅದನ್ನ ‘ಕ್ಯಾನ್ಸರ್ ತರುವ ಸಂಭವ ಇರುವ’ ಪಟ್ಟಿಗೆ ಸೇರಿಸಿದೆ. ಕೋವಿಡ್ ಮಾಸ್ಕ್ ಆವಿಯನ್ನ ತಡೆಯಲ್ಲ. ಸಾವಯವ ಆವಿ ಹೀರೋ ಕಾರ್ಟ್ರಿಜ್ ಇರೋ ಮುಖವಾಡವೇ ಬೇಕು. ಈಗ ನಾನು ಕೆಲಸ ಮಾಡೋದು ಗ್ಯಾರೇಜಿನಲ್ಲಲ್ಲ, ಮನೆಯಿಂದ ದೂರ, ಬಯಲಲ್ಲಿ.

ಕೊನೆಗೊಂದು ಮಾತು. ಮನೆಯಲ್ಲಿ ಮುಚ್ಚಳ ಮಾಡಿ, ಸೀಟಿನ ಅಡಿಭಾಗ ಮಾಡಿ. ಸ್ಟೀರಿಂಗ್ ಹಿಡಿದಿರೋ ಭಾಗ ಅಥವಾ ತಳವನ್ನ ಮಾತ್ರ ತಿಳಿದವರಿಗೇ ಬಿಡಿ. ಮುರಿದರೆ ಕೆರೆ ನಡುವೆ ನಿಮ್ಮ ಪ್ರಾಣಕ್ಕೇ ಸಂಚಕಾರ. ಮುಚ್ಚಳ ಕೂಡ ಮೊದಲ ಸಲ ದಡದ ಹತ್ತಿರವೇ ಪರೀಕ್ಷೆ ಮಾಡಿ.

ನನ್ನ ಎರಡನೇ ಮುಚ್ಚಳ ಮೊದಲನೆಯದರಷ್ಟು ಹೊಳೆಯಲ್ಲ, ತೂಕವೂ ಕಮ್ಮಿ. ಎರಡು ಬೇಸಿಗೆ ಕಳೆದರೂ ಬಿರುಕು ಬಿಟ್ಟಿಲ್ಲ. ನೀವೂ ಕೈಯಾರೆ ಏನಾದರೂ ಮಾಡಿ ಕೆಡಿಸಿದ್ದರೆ ಬರೆದು ಕಳಿಸಿ. ಕೆಟ್ಟ ಕಥೆಗಳಲ್ಲೇ ವಿಜ್ಞಾನ ಜಾಸ್ತಿ ಇರುತ್ತೆ.