ಮೂರ್ಛೆರೋಗ ಮತ್ತು ಗಿಡಮೂಲಿಕೆಗಳು: ಪ್ರಯೋಗಾಲಯದ ಪರೀಕ್ಷೆ ಏನನ್ನು ಹೇಳುತ್ತದೆ?

ಮೂರ್ಛೆರೋಗ ಅಥವಾ ಫಿಟ್ಸ್ ಇರುವವರ ಮನೆಗೆ ಸಲಹೆಗಳ ಕೊರತೆ ಇರುವುದಿಲ್ಲ. ‘ಬ್ರಾಹ್ಮಿ ರಸ ಕೊಡಿ, ಮಾತ್ರೆ ಬಿಡಿಸಿ’ ಎಂದು ಬಂಧುಗಳು ಹೇಳುತ್ತಾರೆ. ‘ಇಂಥ ಗಿಡದ ಸಾರದಿಂದ ಇಲಿಗಳ ಸೆಳೆತ ನಿಂತಿತು’ ಎಂಬ ಸುದ್ದಿಯೂ ಆಗಾಗ ಬರುತ್ತದೆ. ಇದರಲ್ಲಿ ಸತ್ಯಾಂಶ ಇರಬಹುದು. ಆದರೆ ಅದನ್ನು ನಂಬಿ ಮಾತ್ರೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಆದ್ದರಿಂದ ಇಂತಹ ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನು ತಾವು ತಿಳಿದಿರುವುದು ಒಳ್ಳೆಯದು.

ಪರೀಕ್ಷೆ ಹೇಗೆ ನಡೆಯುತ್ತದೆ?

ಮಿದುಳಿನ ನರಕೋಶಗಳು ಸಣ್ಣ ವಿದ್ಯುತ್ ಸಂಕೇತಗಳಿಂದ ಕೆಲಸ ಮಾಡುತ್ತವೆ. ಅನೇಕ ಕೋಶಗಳು ಒಮ್ಮೆಗೇ ಅತಿಯಾಗಿ ಸಂಕೇತ ಕಳುಹಿಸಿದಾಗ ಫಿಟ್ಸ್ ಬರುತ್ತದೆ. ಇದನ್ನು ತಡೆಯುವ ಶಕ್ತಿ ಗಿಡಕ್ಕೆ ಇದೆಯೇ ಎಂದು ನೋಡಲು ಎಲೆ ಅಥವಾ ಬೇರನ್ನು ಒಣಗಿಸಿ, ಪುಡಿ ಮಾಡಿ, ನೀರು ಅಥವಾ ಆಲ್ಕೋಹಾಲಿನಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ಬಿಳಿ ಇಲಿಗಳ ಕೆಲವು ಗುಂಪುಗಳಿಗೆ ಈ ಸಾರವನ್ನು ಬೇರೆ ಬೇರೆ ಪ್ರಮಾಣದಲ್ಲಿ ಕೊಡುತ್ತಾರೆ. ಹೋಲಿಕೆಗಾಗಿ ಒಂದು ಗುಂಪಿಗೆ ಔಷಧವಿಲ್ಲದ ದ್ರವವನ್ನು, ಇನ್ನೊಂದಕ್ಕೆ ಈಗಾಗಲೇ ಬಳಕೆಯಲ್ಲಿರುವ ಮಾತ್ರೆಯ ಔಷಧವನ್ನು ಕೊಡುತ್ತಾರೆ.

ನಂತರ ಮುಖ್ಯವಾಗಿ ಎರಡು ಪರೀಕ್ಷೆಗಳು:

1. ಕ್ಷಣಕಾಲ ವಿದ್ಯುತ್ ಹಾಯಿಸಿ, ಹಿಂಗಾಲುಗಳು ಸೆಟೆದುಕೊಳ್ಳುತ್ತವೆಯೇ ಎಂದು ನೋಡುವುದು.
2. ಪೆಂಟಿಲಿನ್‌ಟೆಟ್ರಜೋಲ್ ಎಂಬ ರಾಸಾಯನಿಕದ ಚುಚ್ಚುಮದ್ದು ಕೊಟ್ಟು, ಸೆಳೆತ ಎಷ್ಟು ತಡವಾಗಿ ಬಂತು, ಎಷ್ಟು ಇಲಿಗಳು ಪಾರಾದವು ಎಂದು ಲೆಕ್ಕ ಹಾಕುವುದು.

ಸಾರದಿಂದ ಇಲಿಗೆ ಬರೀ ಮಂಪರು ಬಂದಿದೆಯೇ ಎಂದು ತಿಳಿಯಲು ಅದನ್ನು ತಿರುಗುವ ಕೋಲಿನ ಮೇಲೆ ನಿಲ್ಲಿಸಿಯೂ ನೋಡುತ್ತಾರೆ.

ಇಷ್ಟರಿಂದ ಔಷಧ ಸಿಕ್ಕಂತಾಯಿತೇ?

ಇಲ್ಲ, ಇದು ಮೊದಲ ಮೆಟ್ಟಿಲು ಮಾತ್ರ. ಇಲ್ಲಿ ಆರೋಗ್ಯವಂತ ಇಲಿಗೆ ಒಮ್ಮೆ ಸೆಳೆತ ಬರಿಸಲಾಗುತ್ತದೆ. ಮನುಷ್ಯರ ರೋಗವಾದರೋ ವರ್ಷಗಟ್ಟಲೆ ಮರುಕಳಿಸುವಂಥದು. ಲೆವೆಟಿರಸಿಟಾಮ್ ಎಂಬ ಮಾತ್ರೆ ಮೇಲಿನ ಎರಡೂ ಪರೀಕ್ಷೆಗಳಲ್ಲಿ ಗುಣ ತೋರಿಸಿರಲಿಲ್ಲ. ಆದರೂ ರೋಗಿಗಳಲ್ಲಿ ಉಪಯುಕ್ತವೆಂದು ಸಾಬೀತಾಗಿ 1999ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಇಲಿಯ ಫಲಿತಾಂಶವೇ ಕೊನೆಯ ತೀರ್ಪಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಗಿಡದ ಗುರುತೂ ಮುಖ್ಯ. ನಮ್ಮಲ್ಲಿ ಒಂದೆಲಗವನ್ನೂ ಬ್ರಾಹ್ಮಿ ಎನ್ನುತ್ತಾರೆ, ನೀರುಬ್ರಾಹ್ಮಿಯನ್ನೂ ಬ್ರಾಹ್ಮಿ ಎನ್ನುತ್ತಾರೆ. ಇವೆರಡೂ ಬೇರೆ ಬೇರೆ ಸಸ್ಯಗಳು. ಒಂದೇ ಗಿಡದಲ್ಲೂ ಮಣ್ಣು, ಋತು, ಭಾಗಕ್ಕೆ ತಕ್ಕಂತೆ ಸತ್ವ ಬದಲಾಗುತ್ತದೆ.

ಎಲ್ಲ ಮೆಟ್ಟಿಲು ಹತ್ತಿದ ಉದಾಹರಣೆಯೂ ಇದೆ. ಗಾಂಜಾ ಗಿಡದಿಂದ ಬೇರ್ಪಡಿಸಿ ಶುದ್ಧೀಕರಿಸಿದ ಕ್ಯಾನಬಿಡಿಯಾಲ್ ಅನ್ನು ರೋಗಿಗಳಲ್ಲಿ ಪರೀಕ್ಷಿಸಿದ ಮೇಲೆ, 2018ರಲ್ಲಿ ಅಮೆರಿಕದಲ್ಲಿ ಎರಡು ವಿರಳ, ಕಠಿಣ ಬಗೆಯ ಮೂರ್ಛೆರೋಗಗಳಿಗೆ ಅನುಮತಿ ಸಿಕ್ಕಿತು. ಅದನ್ನು ಕೊಡುವಾಗಲೂ ಯಕೃತ್ತಿನ ರಕ್ತಪರೀಕ್ಷೆ ಅಗತ್ಯ. ಗಾಂಜಾ, ಭಂಗಿ ಸೇವನೆಗೂ ಇದಕ್ಕೂ ಸಂಬಂಧವಿಲ್ಲ.

ಜೊತೆಗೆ ಸೇವಿಸಿದರೆ ತೊಂದರೆ ಏನು?

ಶಂಖಪುಷ್ಪಿ ಸೇರಿದ ಒಂದು ಸಿದ್ಧೌಷಧವನ್ನು ಫೆನಿಟಾಯಿನ್ ಮಾತ್ರೆಯ ಜೊತೆಗೆ ಸೇವಿಸಿದ ಇಬ್ಬರು ರೋಗಿಗಳಲ್ಲಿ ಫಿಟ್ಸ್ ಹತೋಟಿ ತಪ್ಪಿತ್ತು. ಭಾರತದ ವೈದ್ಯರು ಇಲಿಗಳಲ್ಲಿ ಪರೀಕ್ಷಿಸಿದಾಗ, ಅದು ರಕ್ತದಲ್ಲಿನ ಫೆನಿಟಾಯಿನ್ ಪ್ರಮಾಣವನ್ನೇ ಇಳಿಸುವುದು ಕಂಡುಬಂತು. ಈ ವರದಿ 1992ರಲ್ಲಿ ಪ್ರಕಟವಾಯಿತು. ಇನ್ನು ನೀಲಗಿರಿ ಎಣ್ಣೆ ಮತ್ತು ಕರ್ಪೂರ ಗಿಡಗಳಿಂದ ಬಂದವಾದರೂ, ಹೊಟ್ಟೆಗೆ ಹೋದರೆ ತಾವೇ ಫಿಟ್ಸ್ ಬರಿಸಬಲ್ಲವು.

ತಾವು ಗಮನಿಸಬೇಕಾದದ್ದು

* ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಬೇಡಿ, ಕಡಿಮೆ ಮಾಡಬೇಡಿ. ಹಠಾತ್ತಾಗಿ ಬಿಟ್ಟರೆ ಬಿಡದೆ ಫಿಟ್ಸ್ ಬರಬಹುದು.
* ಕಷಾಯ, ಚೂರ್ಣ, ಲೇಹ್ಯ ಏನೇ ಸೇವಿಸುತ್ತಿದ್ದರೂ ಮುಚ್ಚಿಡದೆ ತಿಳಿಸಿ. ಬಾಟಲಿಯನ್ನೂ ತನ್ನಿ. ಯಾರೂ ಬೈಯುವುದಿಲ್ಲ.
* ಹೆಸರು, ವಿವರವಿಲ್ಲದ ಪುಡಿಯ ಪೊಟ್ಟಣ ಕೊಳ್ಳಬೇಡಿ.
* ಊಟದಲ್ಲಿ ಒಂದೆಲಗದ ಚಟ್ನಿ ತಿನ್ನುವುದೇ ಬೇರೆ, ಮಾತ್ರೆಯ ಬದಲಿಗೆ ಅದರ ಸಾರ ಕುಡಿಯುವುದೇ ಬೇರೆ.

ಗಿಡಮೂಲಿಕೆಗಳ ಬಗ್ಗೆ ಸಂಶೋಧನೆ ನಡೆಯಲಿ, ಹೊಸ ಔಷಧ ಬರಲಿ. ಅಲ್ಲಿಯವರೆಗೆ ಇಂದಿನ ಮಾತ್ರೆಯನ್ನು ಇಂದೇ, ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ.