ಕಾರಿನ ಜ್ವಲನ ಸುರುಳಿ

ಪೆಟ್ರೋಲ್ ಕಾರಿನ ಚೈತನ್ಯವೆಲ್ಲ ಒಂದು ಕಿಡಿಯಲ್ಲಿ ಅಡಗಿದೆ. ಬ್ಯಾಟರಿಯ 12 ವೋಲ್ಟ್ ವಿದ್ಯುತ್ತನ್ನು ಹತ್ತಾರು ಸಾವಿರ ವೋಲ್ಟುಗಳಿಗೆ ಏರಿಸಿ ಆ ಕಿಡಿಯನ್ನು ಹುಟ್ಟಿಸುವುದೇ ಇಗ್ನಿಷನ್ ಕಾಯಿಲ್, ಎಂದರೆ ಜ್ವಲನ ಸುರುಳಿ. ಈಚಿನ ಅನೇಕ ಕಾರುಗಳಲ್ಲಿ ಪ್ರತಿಯೊಂದು ಸಿಲಿಂಡರಿಗೂ ಒಂದೊಂದು ಸುರುಳಿಯುಂಟು. ಒಂದು ಕೆಟ್ಟರೂ ಎಂಜಿನ್ ನಡುಗುತ್ತದೆ. ಉರಿಯದ ಪೆಟ್ರೋಲು ಹೊರಸಾಗಿ ದುಬಾರಿಯಾದ ಕ್ಯಾಟಲಿಟಿಕ್ ಕನ್ವರ್ಟರನ್ನೂ ಹಾಳುಮಾಡಬಲ್ಲದು. ಆದುದರಿಂದ ವಿಳಂಬ ಸಲ್ಲದು. ಹಾಗೆಂದು ಎಲ್ಲ ಸುರುಳಿಗಳನ್ನೂ ಕೊಳ್ಳುವ ಆತುರವೂ ಸಲ್ಲದು.

ತಪಾಸಣಾ ಸಾಧನವು 2ನೆಯ ಸಿಲಿಂಡರಿನಲ್ಲಿ ದೋಷ ತೋರಿತೆನ್ನೋಣ. ಎಂಜಿನ್ ತಣಿದ ಮೇಲೆ ಬ್ಯಾಟರಿಯ ಋಣತಂತಿಯನ್ನು ಬಿಡಿಸಿ, ಕನೆಕ್ಟರು ಕಳಚಿ, ಬೋಲ್ಟು ತೆಗೆದು, ಸುರುಳಿಯನ್ನು ಮೆಲ್ಲನೆ ತಿರುಗಿಸುತ್ತ ಮೇಲೆತ್ತಿ 3ನೆಯದರೊಡನೆ ಅದಲುಬದಲು ಮಾಡಬೇಕು. ಮರಳಿ ಜೋಡಿಸಿ ನಡೆಸಿದಾಗ ದೋಷವೂ 3ಕ್ಕೆ ಸಾಗಿದರೆ ಆ ಸುರುಳಿಯೊಂದನ್ನೇ ಬದಲಿಸಿದರೆ ಸಾಕು. ಸಾಗದಿದ್ದರೆ ಮೊದಲು ಸ್ಪಾರ್ಕ್ ಪ್ಲಗ್ಗನ್ನು ಪರೀಕ್ಷಿಸತಕ್ಕದ್ದು. ನಿದಾನವರಿಯದ ಚಿಕಿತ್ಸೆ ದೇಹಕ್ಕೆಂತೋ ಯಂತ್ರಕ್ಕೂ ಅಂತೆಯೇ ವ್ಯರ್ಥ.