ವರ್ತಕರು ಕಟ್ಟಿದ ನಡುಪೇಟೆ: ಸಿನ್ಸಿನಾಟಿ

ಮೈಸೂರಿನ ಸೋದರಿ ನಗರವಾದ ಸಿನ್ಸಿನಾಟಿಯು ಅಮೆರಿಕದ ಓಹಿಯೋ ರಾಜ್ಯದಲ್ಲಿ, ಓಹಿಯೋ ನದಿಯ ಉತ್ತರ ದಂಡೆಯ ಮೇಲಿದೆ. 2020ರ ಜನಗಣತಿಯಂತೆ ಅದರ ಜನಸಂಖ್ಯೆ ಸುಮಾರು 3.09 ಲಕ್ಷ, ಮೈಸೂರಿಗಿಂತಲೂ ಚಿಕ್ಕ ಊರು. ಆದರೆ ಅದರ ನಡುಪೇಟೆಯ ಇತಿಹಾಸವು ನಮ್ಮ ವರ್ತಕ ಬಾಂಧವರು ಗಮನಿಸತಕ್ಕಂಥದು.

ಪೇಟೆಯ ಹೃದಯಭಾಗ ಫೌಂಟನ್ ಸ್ಕ್ವೇರ್. ಅಲ್ಲಿನ ಕಂಚಿನ ಕಾರಂಜಿಯನ್ನು 1871ರಲ್ಲಿ ನಗರಕ್ಕೆ ಅರ್ಪಿಸಿದವನು ಹೆನ್ರಿ ಪ್ರೊಬಾಸ್ಕೊ ಎಂಬ ಕಬ್ಬಿಣದ ಸಾಮಾನಿನ ವ್ಯಾಪಾರಿ. ದಿವಂಗತನಾದ ತನ್ನ ಭಾವ ಹಾಗೂ ಪಾಲುದಾರ ಟೈಲರ್ ಡೇವಿಡ್‌ಸನ್‌ನ ಸ್ಮರಣಾರ್ಥ ಅದನ್ನು ಜರ್ಮನಿಯ ಮ್ಯೂನಿಕ್‌ನಲ್ಲಿ ಎರಕ ಹೊಯ್ಯಿಸಿದ್ದ. ಅದಕ್ಕೆ ಸ್ಥಳ ಒದಗಿಸಲು ಮಾಂಸ ವ್ಯಾಪಾರಿಗಳ ಹಳೆಯ ಮಾರುಕಟ್ಟೆಯನ್ನೇ ಕೆಡವಲಾಯಿತು ಎಂಬುದನ್ನೂ ಮರೆಯುವಂತಿಲ್ಲ.

ಚೌಕದ ಪೂರ್ವಕ್ಕೆ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಅವಳಿ ಗೋಪುರಗಳಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಊರು ಹಂದಿಮಾಂಸ ಸಂಸ್ಕರಣೆಗೆ ಹೆಸರಾಗಿದ್ದು, ಕೊಬ್ಬು ಯಥೇಚ್ಛವಾಗಿ ದೊರೆಯುತ್ತಿತ್ತು. ಮೇಣದಬತ್ತಿ ತಯಾರಕ ಪ್ರಾಕ್ಟರ್, ಸಾಬೂನು ತಯಾರಕ ಗ್ಯಾಂಬಲ್ ಇಬ್ಬರಿಗೂ ಬೇಕಾದ ಕಚ್ಚಾವಸ್ತು ಅದೇ. ಅಕ್ಕತಂಗಿಯರನ್ನು ವರಿಸಿದ್ದ ಇವರಿಗೆ ಒಂದಾಗಿ ವ್ಯಾಪಾರ ಮಾಡುವಂತೆ ಸೂಚಿಸಿದವರು ಮಾವ. 1837ರಲ್ಲಿ ಪಾಲುದಾರಿಕೆ ಆರಂಭವಾಯಿತು. ನೆರೆಯವರ ಉಪ-ಉತ್ಪನ್ನದ ಮೇಲೆ ನಿಂತ ಸಣ್ಣ ಉದ್ದಿಮೆ ಅದು.

ದಕ್ಷಿಣದಲ್ಲಿ ನದಿಗೆ ಅಡ್ಡಲಾಗಿ ಜಾನ್ ರೋಬ್ಲಿಂಗ್ ನಿರ್ಮಿಸಿದ ತೂಗುಸೇತುವೆಯಿದೆ. 1866ರಲ್ಲಿ ತೆರೆದಾಗ ಅದರ 322 ಮೀಟರಿನ ಅಂತರವು ಜಗತ್ತಿನಲ್ಲೇ ಅತಿ ದೊಡ್ಡದು.

ಉತ್ತರದ ಬಡಾವಣೆಯ ಹೆಸರು ಓವರ್-ದ-ರೈನ್. ನಡುವೆ ಹರಿಯುತ್ತಿದ್ದ ಸರಕು ಕಾಲುವೆಯನ್ನು ಜರ್ಮನ್ ವಲಸಿಗರು ವಿನೋದಕ್ಕೆ ತಮ್ಮ ನಾಡಿನ ರೈನ್ ನದಿಗೆ ಹೋಲಿಸಿದ್ದರಿಂದ ಬಂದ ಹೆಸರಿದು. ಕಾಲುವೆಯನ್ನು ಬತ್ತಿಸಿ 1920ರ ದಶಕದಲ್ಲಿ ಸುರಂಗ ರೈಲುಮಾರ್ಗ ಕಟ್ಟತೊಡಗಿದರು. ಹಣ ಮುಗಿಯಿತು, ಸುರಂಗ ಉಳಿಯಿತು, ರೈಲು ಮಾತ್ರ ಓಡಲೇ ಇಲ್ಲ!

ಇಲ್ಲಿಯ ಫಿಂಡ್ಲೆ ಮಾರುಕಟ್ಟೆಯ ಕಟ್ಟಡ ಕಾರ್ಯ ಆರಂಭವಾದುದು 1852ರಲ್ಲಿ. ಓಹಿಯೋ ರಾಜ್ಯದಲ್ಲಿ ಎಡೆಬಿಡದೆ ನಡೆದುಬಂದಿರುವ ಅತಿ ಹಳೆಯ ಸಾರ್ವಜನಿಕ ಮಾರುಕಟ್ಟೆಯಿದು. ಸುತ್ತಲಿನ ಬಡಾವಣೆ ಬಡವಾಗಿ, ಮನೆಗಳು ಖಾಲಿಯಾಗಿ, 2001ರಲ್ಲಿ ಪೊಲೀಸರ ಗುಂಡಿಗೆ ನಿರಾಯುಧ ಕಪ್ಪು ಯುವಕನೊಬ್ಬ ಬಲಿಯಾದಾಗ ಗಲಭೆಯೆದ್ದರೂ ಮಾರುಕಟ್ಟೆ ಉಳಿಯಿತು. ಚೌಕದೆದುರಿನ ಮೇಸೀಸ್‌ನಂಥ ಬೃಹತ್ ಮಳಿಗೆಯೇ 2018ರಲ್ಲಿ ಬಾಗಿಲು ಹಾಕಿತೆಂಬುದನ್ನು ಇದರೊಡನೆ ನೋಡಬೇಕು.

2003ರ ಬಳಿಕ ದೊಡ್ಡ ಕಂಪನಿಗಳ ಬೆಂಬಲದ ಲಾಭರಹಿತ ಸಂಸ್ಥೆಯೊಂದು ಹಳೆಯ ಕಟ್ಟಡಗಳನ್ನು ದುರಸ್ತಿಗೊಳಿಸಿತು; 2016ರಲ್ಲಿ ಟ್ರಾಮ್ ಬಂತು. ಬಾಡಿಗೆಯೂ ಏರಿತು, ಹಳೆಯ ನಿವಾಸಿಗಳಲ್ಲಿ ಅನೇಕರು ಜಾಗ ಬಿಡಬೇಕಾಯಿತು. ಈ ನಗರಕ್ಕೆ ಅದು ಹೊಸತಲ್ಲ. ಪಕ್ಕದ ವೆಸ್ಟ್ ಎಂಡ್‌ನಲ್ಲಿ 1950ರ ದಶಕದ ಕೊನೆಯಿಂದ ಹೆದ್ದಾರಿ ಮತ್ತು ಕೈಗಾರಿಕಾ ವಲಯಕ್ಕಾಗಿ 25 ಸಾವಿರಕ್ಕೂ ಹೆಚ್ಚು ಜನರನ್ನು, ಬಹುಪಾಲು ಕಪ್ಪು ಜನರನ್ನು, ಎಬ್ಬಿಸಲಾಗಿತ್ತು. ಅವರೊಂದಿಗೆ ಅಂಗಡಿಗಳೂ ಅಳಿದವು. ಜೀರ್ಣೋದ್ಧಾರದ ಲೆಕ್ಕಪತ್ರದಲ್ಲಿ ಈ ಬಾಬತ್ತನ್ನು ಬರೆಯುವವರು ವಿರಳ.

ಫಿಂಡ್ಲೆಯವರು ಹಿಡಿದ ಒಂದು ಕ್ರಮ ಮಾತ್ರ ಅನುಕರಣೀಯ. ಸ್ವಂತ ಅಡುಗೆಮನೆ ಕಟ್ಟಲಾಗದ ಸಣ್ಣ ತಿಂಡಿ ತಯಾರಕರಿಗಾಗಿ 2016ರಲ್ಲಿ ಮಾರುಕಟ್ಟೆಯ ಬಳಿಯೇ ಹಂಚಿಕೆಯ ಅಡುಗೆಮನೆ ತೆರೆದರು. ಯಂತ್ರೋಪಕರಣಕ್ಕೆ ಬಂಡವಾಳ ಹೂಡದೆಯೇ ತಯಾರಿಕೆಗೆ ತೊಡಗಬಹುದು. ಮಾಲು ಮಾರಲು ಮಾರುಕಟ್ಟೆ ಪಕ್ಕದಲ್ಲೇ ಇದೆ.